ತವರಿನ ಹಾಡು, ತವರಿನ ಪಹಣಿ: ಬೀನಾ ಅಗರ್‌ವಾಲ್ ಅವರ ಅಧ್ಯಯನ ಮತ್ತು ನಮ್ಮ ಸಂಶೋಧನೆಯ ಒಂದು ಮೌನ

ಕನ್ನಡ ಅಧ್ಯಯನ ವಿಭಾಗಗಳಲ್ಲಿ ಕಳೆದ ಕೆಲವು ದಶಕಗಳಿಂದ ನಡೆದುಬಂದಿರುವ ಮಹಿಳಾ ಸಾಹಿತ್ಯ ಮತ್ತು ಮಹಿಳಾ ಜನಪದ ಕುರಿತ ಸಂಶೋಧನೆಗಳಲ್ಲಿ 'ತವರು' ಎಂಬುದಕ್ಕೆ ಬಹುಮಟ್ಟಿಗೆ ಒಂದು ಅಧ್ಯಾಯ ಮೀಸಲಾಗಿರುತ್ತದೆ. ತಾಯಿಯ ಅಕ್ಕರೆ, ಅಣ್ಣನ ಔದಾರ್ಯ, ಅತ್ತಿಗೆಯ ಕಟಕಿ ಎಂದು ವರ್ಗೀಕರಣ. ಒಂದೊಂದಕ್ಕೂ ಎರಡು ಮೂರು ತ್ರಿಪದಿಗಳ ಉದಾಹರಣೆ. ಕೊನೆಯಲ್ಲಿ ಪಿತೃಪ್ರಧಾನ ವ್ಯವಸ್ಥೆಯಲ್ಲಿ ಹೆಣ್ಣಿನ ಅನಾಥಪ್ರಜ್ಞೆಯನ್ನು ಕುರಿತು ಒಂದು ತೀರ್ಮಾನ. ಇದನ್ನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ನನ್ನ ಪಿಎಚ್.ಡಿ. ಸಾರಲೇಖದ ಮೂರನೆಯ ಅಧ್ಯಾಯವೂ ಇದೇ ಅಚ್ಚಿನದು. ಅದರ ಶೀರ್ಷಿಕೆ 'ತವರು: ಭಾವಕೋಶದ ನೆಲೆಗಳು'.

ಈ ಅಧ್ಯಾಯಕ್ಕಾಗಿ ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಬೀಸುವ ಪದಗಳನ್ನು ಸಂಗ್ರಹಿಸುತ್ತಿದ್ದಾಗ ಎಪ್ಪತ್ತು ದಾಟಿದ ಗಾಯಕಿಯೊಬ್ಬರು ಅಣ್ಣನ ಮನೆಯ ಸಿರಿಯನ್ನು ಹಾಡಿ ಹೊಗಳಿದ ಮೇಲೆ ಒಳಗೆ ಹೋಗಿ ತಗಡಿನ ಪೆಟ್ಟಿಗೆಯಿಂದ ಒಂದು ಕಾಗದವನ್ನು ತಂದು ಕೈಗಿತ್ತರು. ಏನು ಬರೆದಿದೆ ಎಂದು ಓದಿ ಹೇಳಬೇಕೆಂಬುದು ಅವರ ಕೋರಿಕೆ. ಅದು 2007ರಲ್ಲಿ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರದ ನಕಲು. ತಂದೆಯ ಜಮೀನಿನಲ್ಲಿ ತಮಗಿದ್ದ ಎಲ್ಲ ಹಕ್ಕನ್ನೂ ಸೋದರರ ಪರವಾಗಿ ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರುವುದಾಗಿ ಬರೆದು ಕೆಳಗೆ ಹೆಬ್ಬೆಟ್ಟು ಒತ್ತಿಸಲಾಗಿತ್ತು. ಓದಿ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ತವರಿನ ಬಾಗ್ಲು ಮುಚ್ಚಬಾರ್ದು ಅಂತ ಒತ್ತಿದೆ ಕಣವ್ವ" ಎಂದಷ್ಟೇ ಹೇಳಿ ಕಾಗದವನ್ನು ಮಡಿಸಿದರು. ಆ ದಿನ ನಾನು ಧ್ವನಿಮುದ್ರಿಸಿಕೊಂಡದ್ದು ಹಾಡುಗಳನ್ನು ಮಾತ್ರ. ಕ್ಷೇತ್ರಕಾರ್ಯದ ಟಿಪ್ಪಣಿಯಲ್ಲಿ ಆ ಕಾಗದದ ಪ್ರಸ್ತಾಪವೇ ಇಲ್ಲ. ಅದು ನನ್ನ ವಿಷಯಕ್ಕೆ ಸಂಬಂಧಿಸಿದ್ದೆಂದು ನನಗೆ ಆಗ ಅನ್ನಿಸಿರಲೇ ಇಲ್ಲ.

ಅನ್ನಿಸದಿದ್ದುದಕ್ಕೆ ಕಾರಣವೇನೆಂದು ಹುಡುಕಿದರೆ ನನ್ನ ಓದಿನ ಶಿಸ್ತಿನಲ್ಲೇ ಅದು ಸಿಗುತ್ತದೆ. ಈ ಮಾತನ್ನು ವಿವರಿಸಲು ಕನ್ನಡ ವಿಭಾಗಗಳಲ್ಲಿ ಹೆಚ್ಚಾಗಿ ಚರ್ಚೆಗೆ ಬಾರದ ಒಬ್ಬ ವಿದ್ವಾಂಸರ ಅಧ್ಯಯನ ಜೀವನವನ್ನು ಇಲ್ಲಿ ಎದುರಿಗಿಟ್ಟುಕೊಳ್ಳುತ್ತೇನೆ. ಬೀನಾ ಅಗರ್‌ವಾಲ್ ಅರ್ಥಶಾಸ್ತ್ರಜ್ಞೆ. ಕೇಂಬ್ರಿಜ್‌ನಲ್ಲಿ ಓದಿ, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಿಂದ ಡಾಕ್ಟರೇಟ್ ಪಡೆದು, ದೆಹಲಿಯ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್‌ನಲ್ಲಿ ದೀರ್ಘಕಾಲ ದುಡಿದು ಅದರ ನಿರ್ದೇಶಕಿಯೂ ಆಗಿದ್ದವರು. ಅನಂತರ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು. 2008ರಲ್ಲಿ ಪದ್ಮಶ್ರೀ, 2017ರಲ್ಲಿ ಲಿಂಗ ಸಂಬಂಧಗಳ ಅಧ್ಯಯನಕ್ಕಾಗಿ ಬಾಲ್ಜಾನ್ ಪ್ರಶಸ್ತಿ ಸಂದಿವೆ. ಇಂಥ ವಿವರಗಳು ಯಾವ ಪರಿಚಯ ಗ್ರಂಥದಲ್ಲಾದರೂ ಸಿಗುತ್ತವೆ. ನಮಗೆ ಮುಖ್ಯವಾಗಬೇಕಾದುದು ನಾಲ್ಕು ದಶಕಗಳ ಅವರ ಬರವಣಿಗೆ ಒಂದು ಸರಳ ಪ್ರಶ್ನೆಯನ್ನು ಬಿಡದೆ ಬೆನ್ನಟ್ಟಿರುವ ರೀತಿ. ಯಾರ ಹೆಸರಿನಲ್ಲಿದೆ, ಯಾರ ಕೈಯಲ್ಲಿದೆ ಎಂಬುದೇ ಆ ಪ್ರಶ್ನೆ.

ಪಂಜಾಬಿನ ಕೃಷಿಯಲ್ಲಿ ಯಂತ್ರಗಳ ಬಳಕೆಯನ್ನು ಕುರಿತ ಅಧ್ಯಯನದಿಂದ ಅವರ ಕೆಲಸ ಆರಂಭವಾಯಿತು. ಅಲ್ಲಿಂದ ಅವರು ಸೌದೆಯ ಸಮಸ್ಯೆಗೆ ಬಂದರು. 1986ರಲ್ಲಿ ಆ ವಿಷಯದ ಮೇಲೆ ಒಂದು ಪುಸ್ತಕ ಬರೆದರು. ಹೊಗೆಯಿಲ್ಲದ ಒಲೆಗಳನ್ನು ಹಳ್ಳಿಗಳಿಗೆ ಮುಟ್ಟಿಸುವ ಯೋಜನೆಗಳು ಏಕೆ ಸೋಲುತ್ತವೆ ಎಂಬುದು ಆ ಕಾಲದ ಬಿಸಿ ಚರ್ಚೆ. ನಮ್ಮಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ 'ಅಸ್ತ್ರ ಒಲೆ' ಹಳ್ಳಿಗಳನ್ನು ತಲುಪುತ್ತಿದ್ದ ದಿನಗಳವು. ಒಲೆಯ ರಚನೆಯಲ್ಲಿ ದೋಷವಿದೆಯೆಂದು ಎಂಜಿನಿಯರರೂ, ಹಳ್ಳಿಗರಿಗೆ ತಿಳಿವಳಿಕೆ ಸಾಲದೆಂದು ಅಧಿಕಾರಿಗಳೂ ಭಾವಿಸುತ್ತಿದ್ದಾಗ ಅಗರ್‌ವಾಲ್ ಮನೆಯ ಒಳಗೆ ನೋಡಿದರು. ಹೊಗೆ ಕುಡಿಯುವವಳು, ಸೌದೆ ಹೊರುವವಳು ಹೆಂಗಸು. ಒಲೆಗೆ ಹಣ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸುವವನು ಗಂಡಸು. ಕುಟುಂಬವನ್ನು ಒಂದೇ ಮನಸ್ಸಿನ, ಒಂದೇ ಹಿತದ ಘಟಕವೆಂದು ಎಣಿಸುವ ಅರ್ಥಶಾಸ್ತ್ರಕ್ಕೆ ಈ ಬಿರುಕು ಕಾಣುವುದಿಲ್ಲ. ಮನೆಯೊಳಗೂ ಒಂದು ಚೌಕಾಸಿ ನಡೆಯುತ್ತದೆ, ಅದರಲ್ಲಿ ಯಾರ ಮಾತು ನಡೆಯುತ್ತದೆಂಬುದು ಅವರಿಗೆ ಮನೆಯ ಹೊರಗೆ ಏನು ಆಸರೆಯಿದೆ ಎಂಬುದನ್ನು ಅವಲಂಬಿಸುತ್ತದೆ ಎಂಬ ವಾದವನ್ನು ಅವರು ಮುಂದೆ ಸಿದ್ಧಾಂತವಾಗಿಯೇ ಬೆಳೆಸಿದರು.

ನಮ್ಮ ವಿಭಾಗಗಳಿಗೆ ಇದಕ್ಕಿಂತ ನೇರವಾಗಿ ತಟ್ಟಬೇಕಾದ ಬರಹವೆಂದರೆ ಲಿಂಗ ಮತ್ತು ಪರಿಸರ ಕುರಿತ ಅವರ 1992ರ ಪ್ರಬಂಧ. ಹೆಣ್ಣು ಸಹಜವಾಗಿಯೇ ಪ್ರಕೃತಿಗೆ ಹತ್ತಿರದವಳು, ಆದುದರಿಂದ ಪ್ರಕೃತಿಯ ಮೇಲಿನ ಹಿಂಸೆಯೂ ಹೆಣ್ಣಿನ ಮೇಲಿನ ಹಿಂಸೆಯೂ ಒಂದೇ ಎಂಬ ಪರಿಸರ ಸ್ತ್ರೀವಾದದ ನಿಲುವು ಆಗ ಪ್ರಬಲವಾಗಿತ್ತು. ವಂದನಾ ಶಿವ ಅವರ 1988ರ ಪುಸ್ತಕ ಅದರ ಪ್ರಭಾವಶಾಲಿ ಭಾರತೀಯ ರೂಪ. ಅಗರ್‌ವಾಲ್ ಇದನ್ನು ಒಪ್ಪಲಿಲ್ಲ. ಬೆಟ್ಟದ ಹೆಂಗಸಿಗೆ ಕಾಡಿನ ಅರಿವಿದ್ದರೆ ಅದು ಆಕೆಯ ಗರ್ಭದಿಂದ ಬಂದುದಲ್ಲ. ಸೌದೆ, ಮೇವು, ನೀರು ತರುವ ಕೆಲಸ ಆಕೆಯ ಪಾಲಿಗೆ ಬಂದಿರುವುದರಿಂದ, ಖಾಸಗಿ ಜಮೀನು ಆಕೆಯ ಹೆಸರಿನಲ್ಲಿ ಇಲ್ಲದಿರುವುದರಿಂದ, ಹೀಗಾಗಿ ಸಾಮುದಾಯಿಕ ನೆಲವೇ ಆಕೆಯ ಏಕೈಕ ಆಧಾರವಾಗಿರುವುದರಿಂದ ಬಂದುದು. ಜಾತಿ ವರ್ಗಗಳು ಬದಲಾದರೆ ಆ ಸಂಬಂಧವೂ ಬದಲಾಗುತ್ತದೆ. ಈ ನೆಲೆಯನ್ನು ಅವರು ಸ್ತ್ರೀವಾದಿ ಪರಿಸರವಾದವೆಂದು ಕರೆದರು.

ಕನ್ನಡ ವಿಮರ್ಶೆ ಮೊದಲನೆಯ ನಿಲುವನ್ನು ತುಸು ಬೇಗನೆ ಅಪ್ಪಿಕೊಂಡಿತೆಂದು ನನ್ನ ಅನಿಸಿಕೆ. ಹೆಣ್ಣು-ಮಣ್ಣು ಎಂಬ ಪ್ರಾಸ ನಮ್ಮ ಭಾಷೆಯಲ್ಲಿ ಎಷ್ಟು ಸುಲಭವಾಗಿ ಒದಗುತ್ತದೆಂದರೆ, ವಿಚಾರ ಸಂಕಿರಣಗಳಲ್ಲಿ ಅದು ವಾದದ ಸ್ಥಾನವನ್ನೇ ಆಕ್ರಮಿಸಿಬಿಡುತ್ತದೆ. ಆದರೆ ಹೆಣ್ಣು, ಹೊನ್ನು, ಮಣ್ಣು ಎಂಬ ಹಳೆಯ ಎಣಿಕೆಯನ್ನು ಗಮನಿಸಿ. ಅಲ್ಲಿ ಹೆಣ್ಣೂ ಮಣ್ಣೂ ಅಕ್ಕಪಕ್ಕದಲ್ಲಿರುವುದು ಬಾಂಧವ್ಯದಿಂದಲ್ಲ, ಎರಡೂ ಒಬ್ಬನ ಆಸೆಗೆ ಗುರಿಯಾದ ವಸ್ತುಗಳಾಗಿರುವುದರಿಂದ. ಎಣಿಸುವವನು ಎಣಿಕೆಯ ಹೊರಗಿದ್ದಾನೆ.

1994ರಲ್ಲಿ ಪ್ರಕಟವಾದ ದಕ್ಷಿಣ ಏಷ್ಯಾದ ಲಿಂಗ ಸಂಬಂಧ ಮತ್ತು ಭೂಮಿಯ ಹಕ್ಕುಗಳನ್ನು ಕುರಿತ ಬೃಹದ್ಗ್ರಂಥ 'ಎ ಫೀಲ್ಡ್ ಆಫ್ ಒನ್ಸ್ ಓನ್' ಅವರ ಅಧ್ಯಯನದ ತಿರುಳು. ಶೀರ್ಷಿಕೆ ವರ್ಜೀನಿಯಾ ವುಲ್ಫ್ ಅವರನ್ನು ನೆನಪಿಸುತ್ತದೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ವುಲ್ಫ್ 1928ರಲ್ಲಿ ಕೇಂಬ್ರಿಜ್‌ನ ಮಹಿಳಾ ಕಾಲೇಜುಗಳಲ್ಲಿ ಮಾಡಿದ ಭಾಷಣಗಳಿಂದ ಬೆಳೆದ ಆ ಪುಸ್ತಕವನ್ನು ನಾವು ಪಠ್ಯವಾಗಿಟ್ಟು, ಅನುವಾದಿಸಿ, ಉಲ್ಲೇಖಿಸುತ್ತಲೇ ಬಂದಿದ್ದೇವೆ. ಬರೆಯುವ ಹೆಣ್ಣಿಗೆ ಒಂದು ಕೋಣೆ ಬೇಕೆಂಬ ಮಾತು ನಮಗೆ ಹಿಡಿಸಿತು. ಅದೇ ಊರಿನಲ್ಲಿ ಓದಿದ ಭಾರತೀಯ ವಿದುಷಿಯೊಬ್ಬರು ಕೋಣೆಯನ್ನು ಹೊಲವಾಗಿ ಬದಲಿಸಿದುದು ನಮ್ಮ ಕಣ್ಣಿಗೆ ಬೀಳಲಿಲ್ಲ. ಬರೆಯದ, ಓದದ, ಉತ್ತು ಬಿತ್ತುವ ಮನೆಗಳ ಹೆಣ್ಣುಮಕ್ಕಳೇ ನಮ್ಮ ಜನಪದ ಸಂಶೋಧನೆಗೆ ಸಾಮಗ್ರಿ ಒದಗಿಸಿದವರು ಎಂಬುದನ್ನು ನೆನೆದರೆ ಈ ಅಲಕ್ಷ್ಯ ಇನ್ನಷ್ಟು ವಿಚಿತ್ರವೆನ್ನಿಸುತ್ತದೆ.

ಆ ಗ್ರಂಥದ ಎರಡು ಮಾತುಗಳನ್ನು ಇಲ್ಲಿ ಎತ್ತಿಕೊಳ್ಳಬೇಕು. ಒಡೆತನ ಬೇರೆ, ಹಿಡಿತ ಬೇರೆ ಎಂಬುದು ಮೊದಲನೆಯದು. ಕಾಗದದಲ್ಲಿ ಹೆಸರಿದ್ದೂ ಮಾರುವ, ಅಡವಿಡುವ, ಬೆಳೆ ಆರಿಸುವ ಅಧಿಕಾರ ಇಲ್ಲದಿರಬಹುದು. ಎರಡನೆಯದು ಸಹೋದರನನ್ನು ಕುರಿತದ್ದು. ಕಾನೂನು ಕೊಟ್ಟ ಪಾಲನ್ನೂ ಹೆಣ್ಣುಮಕ್ಕಳು ಏಕೆ ಬಿಟ್ಟುಕೊಡುತ್ತಾರೆ? ಗಂಡನ ಮನೆಯಲ್ಲಿ ನೆಲೆ ತಪ್ಪಿದರೆ ಹಿಂದಿರುಗಲು ಇರುವುದು ಅಣ್ಣನ ಮನೆಯೊಂದೇ. ಆ ಬಾಗಿಲು ತೆರೆದಿರಲೆಂದು ಕೊಡುವ ಬೆಲೆ ಈ ಹಕ್ಕುತ್ಯಾಗ. ಅದು ಅಜ್ಞಾನವಲ್ಲ, ಬರಿಯ ಮಮತೆಯೂ ಅಲ್ಲ. ಬೇರೆ ದಾರಿಯಿಲ್ಲದವರ ಲೆಕ್ಕಾಚಾರ. ಇದನ್ನು ಓದಿದಾಗ ತುಮಕೂರಿನ ಆ ಗಾಯಕಿಯ ಮಾತು ಮತ್ತೆ ಕೇಳಿಸಿತು. ಅಗರ್‌ವಾಲ್ ತಮ್ಮ ವಾದಕ್ಕೆ ಹೆಣ್ಣುಮಕ್ಕಳ ಜನಪದ ಗೀತೆಗಳನ್ನೂ ಸಾಕ್ಷ್ಯವಾಗಿ ಬಳಸಿಕೊಂಡಿದ್ದಾರೆ. ಅರ್ಥಶಾಸ್ತ್ರ ನಮ್ಮಲ್ಲಿಗೆ ಬಂದು ಹಾಡನ್ನು ಒಯ್ದಿದೆ. ನಾವು ಅಲ್ಲಿಗೆ ಹೋಗಿ ಪ್ರಶ್ನೆಯನ್ನು ತರಲಿಲ್ಲ.

ಈ ಪ್ರಶ್ನೆಯನ್ನು ಹಿಡಿದು ಕನ್ನಡದ ಕಡೆಗೆ ತಿರುಗಿದರೆ ತೀರ ಪರಿಚಿತವಾದ ಮಾತುಗಳೂ ಬೇರೆಯಾಗಿ ಕೇಳತೊಡಗುತ್ತವೆ. 'ಉಳುವವನೇ ಹೊಲದೊಡೆಯ' ಎಂಬ ಘೋಷಣೆ ನಮ್ಮ ಪ್ರಗತಿಪರ ಸ್ಮೃತಿಯ ಭಾಗ. ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಅಸಂಖ್ಯ ಗೇಣಿದಾರರಿಗೆ ನೆಲ ಕೊಟ್ಟದ್ದು ನಿಜ. ಅದರ ಮಹತ್ವವನ್ನು ಕಿರಿದು ಮಾಡುವುದು ನನ್ನ ಉದ್ದೇಶವಲ್ಲ. ಆದರೆ ಘೋಷಣೆಯ ವ್ಯಾಕರಣವನ್ನು ನೋಡಿ: ಉಳುವವನು, ಒಡೆಯ. ನಾಟಿ ಮಾಡುವವಳು, ಕಳೆ ಕೀಳುವವಳು, ಕಟಾವು ಮಾಡುವವಳು ಈ ವಾಕ್ಯದೊಳಗೆ ಇಲ್ಲ. ಹೆಂಗಸು ನೇಗಿಲು ಮುಟ್ಟಬಾರದೆಂಬ ನಿಷೇಧ ದೇಶದ ಬಹುಭಾಗದಲ್ಲಿ ಇತ್ತೆಂಬುದನ್ನು ಅಗರ್‌ವಾಲ್ ಎತ್ತಿ ತೋರಿಸುತ್ತಾರೆ. ನೇಗಿಲನ್ನೇ ಮುಟ್ಟಗೊಡದೆ, ಉಳುವವರಿಗೆ ಮಾತ್ರ ನೆಲವೆಂದರೆ ಅದರ ಅರ್ಥವೇನು? ಪಶ್ಚಿಮ ಬಂಗಾಳದ ಬಡ ಹೆಂಗಸರು, ಸರ್ಕಾರ ಭೂಮಿ ಹಂಚುವಾಗ ನಮ್ಮ ಹೆಸರಿಗೇಕೆ ಪಟ್ಟಾ ಕೊಡುವುದಿಲ್ಲ ಎಂದು 1979ರಲ್ಲೇ ಕೇಳಿದ್ದರು. ನಮ್ಮ ಬಂಡಾಯ ಸಾಹಿತ್ಯದ ಅಧ್ಯಯನಗಳಲ್ಲಿ ಈ ಪ್ರತ್ಯಯವಿಚಾರವನ್ನು ಯಾರಾದರೂ ಎತ್ತಿದ್ದರೆ ಅದನ್ನು ನಾನು ಓದಿಲ್ಲ.

ಪಹಣಿಯ ಭಾಷೆಯೂ ಕನ್ನಡವೇ ತಾನೆ. ಅಲ್ಲಿ ಗಂಡಸು ಇಂಥವನ 'ಬಿನ್' ಇಂಥವನು, ಹೆಂಗಸು ಇಂಥವನ 'ಕೋಂ' ಇಂಥವಳು. ಮಗ ಮತ್ತು ಹೆಂಡತಿಗೆ ಹೀಗೆ ರೂಢಿಯಾದ ಕಿರುಪದಗಳಿವೆ. ಮಗಳು ಎಂಬುದಕ್ಕೆ ಅಷ್ಟೇ ರೂಢವಾದ ಪದವೊಂದು ನಾನು ನೋಡಿದ ಪಹಣಿಗಳಲ್ಲಿ ಕಾಣಲಿಲ್ಲ. ಕರ್ನಾಟಕವೂ ಸೇರಿದಂತೆ ಒಂಬತ್ತು ರಾಜ್ಯಗಳ ಗ್ರಾಮಗಳಿಂದ 2009ರಿಂದ 2014ರವರೆಗೆ ಸಂಗ್ರಹಿಸಿದ ಮಾಹಿತಿಯನ್ನು ಆಧರಿಸಿ ಅಗರ್‌ವಾಲ್ ಮತ್ತು ಸಹಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಅಂಕಿಗಳಲ್ಲಿ ಹೇಳುತ್ತದೆ. ಭೂಮಾಲೀಕರಲ್ಲಿ ಮಹಿಳೆಯರು ಶೇ. 14, ಅವರ ಬಳಿಯಿರುವ ಭೂಮಿ ಶೇ. 11. ಅದರಲ್ಲಿಯೂ ಹೆಚ್ಚಿನವರಿಗೆ ಭೂಮಿ ಬಂದದ್ದು ಗಂಡನ ಮನೆಯಿಂದ, ಬಹುಮಟ್ಟಿಗೆ ವಿಧವೆಯರಾದ ಮೇಲೆ, ಮಗಳಾಗಿ ತವರಿನಿಂದಲ್ಲ. ಇದಕ್ಕಿಂತ ನಿಷ್ಠುರವಾದ ತವರಿನ ವ್ಯಾಖ್ಯಾನವನ್ನು ನಮ್ಮ ಯಾವ ಮಹಾಪ್ರಬಂಧವೂ ಕೊಟ್ಟಿಲ್ಲ.

ಕಾನೂನಿನ ಕಥೆಗೂ ಕನ್ನಡ ನಾಡಿಗೂ ಇರುವ ನಂಟು ಹಳೆಯದು. ಮಗನಿಗೆ ಹುಟ್ಟಿನಿಂದಲೇ ಪಾಲು ಎಂಬ ತತ್ತ್ವವನ್ನು ಭಾರತದ ಬಹುಭಾಗಕ್ಕೆ ಪ್ರಮಾಣವಾಗಿಸಿದ ಮಿತಾಕ್ಷರವನ್ನು ವಿಜ್ಞಾನೇಶ್ವರ ರಚಿಸಿದ್ದು ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ. ಕೆಲವೇ ದಶಕಗಳ ಅನಂತರ ಅದೇ ಕಲ್ಯಾಣದಲ್ಲಿ ವಚನಕಾರ್ತಿಯರು ಮಾತಾಡಿದರು. ವಚನಗಳ ಮೇಲೆ ನಮ್ಮಲ್ಲಿ ಬಂದಿರುವ ಪ್ರಬಂಧಗಳಿಗೆ ಲೆಕ್ಕವಿಲ್ಲ. ಅದೇ ಊರಿನ ಮಿತಾಕ್ಷರವನ್ನು ಪಕ್ಕದಲ್ಲಿಟ್ಟು ಓದುವ ಕೆಲಸ ಮಾತ್ರ ಸಂಸ್ಕೃತದವರದೋ ಕಾನೂನಿನವರದೋ ಎಂದು ಬಿಟ್ಟಿದ್ದೇವೆ. ಸ್ತ್ರೀಧನದ ವ್ಯಾಪ್ತಿಯನ್ನು ವಿಜ್ಞಾನೇಶ್ವರ ಸಾಕಷ್ಟು ಹಿಗ್ಗಿಸಿದ್ದನೆಂಬುದೂ, ಬ್ರಿಟಿಷರ ಕಾಲದ ಪ್ರಿವಿ ಕೌನ್ಸಿಲ್ ಅದನ್ನು ಕುಗ್ಗಿಸಿತೆಂಬುದೂ ಈ ಓದಿನಲ್ಲಿ ಮುನ್ನೆಲೆಗೆ ಬರಬೇಕಾದ ಸಂಗತಿಗಳು. ಪರಂಪರೆಯನ್ನು ಒಂದೇ ಬಣ್ಣದಲ್ಲಿ ಬಳಿಯುವುದಕ್ಕೂ ಆಗ ತಡೆ ಬೀಳುತ್ತದೆ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಮಗಳಿಗೆ ತಂದೆಯ ಸ್ವಂತ ಪಾಲಿನಲ್ಲಿ ಭಾಗ ಕೊಟ್ಟಿತಾದರೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನ ಸಮಾನ ಪಾಲುದಾರಳನ್ನಾಗಿ ಮಾಡಲಿಲ್ಲ. ಕರ್ನಾಟಕ ತನ್ನದೇ ತಿದ್ದುಪಡಿ ತಂದು 1994ರ ಜುಲೈ 30ರಿಂದ ಈ ಹಕ್ಕನ್ನು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ಶಾಸನವಾದ ಬಗೆಯಿದು. 2005ರ ಕೇಂದ್ರ ತಿದ್ದುಪಡಿಗಾಗಿ ನಡೆದ ನಾಗರಿಕ ಪ್ರಯತ್ನದ ಮುಂಚೂಣಿಯಲ್ಲಿ ಅಗರ್‌ವಾಲ್ ಇದ್ದರು. ಆ ವರ್ಷದ ಸೆಪ್ಟೆಂಬರ್ 9ರಿಂದ ಮದುವೆಯಾದವರು, ಆಗದವರು ಎಂಬ ಭೇದವಿಲ್ಲದೆ ಮಗಳು ಪಾಲುದಾರಳಾದಳು; ಕೃಷಿಭೂಮಿಯ ಉತ್ತರಾಧಿಕಾರವನ್ನು ರಾಜ್ಯಗಳ ಗೇಣಿ ಕಾನೂನುಗಳಿಗೆ ಬಿಟ್ಟಿದ್ದ ಹಳೆಯ ಉಪವಿಧಿ ರದ್ದಾಯಿತು. ಕರ್ನಾಟಕದಿಂದಲೇ ಹೋದ ಪ್ರಕಾಶ್ ವಿರುದ್ಧ ಫೂಲಾವತಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ ಆ ದಿನ ತಂದೆ ಬದುಕಿದ್ದರೆ ಮಾತ್ರ ಈ ಹಕ್ಕೆಂದು ಹೇಳಿತ್ತು. 2020ರ ವಿನೀತಾ ಶರ್ಮಾ ತೀರ್ಪು ಅದನ್ನು ತಳ್ಳಿಹಾಕಿ, ಹುಟ್ಟಿನಿಂದಲೇ ಹಕ್ಕೆಂದು ಸ್ಪಷ್ಟಪಡಿಸಿತು. ತುಮಕೂರಿನ ಗಾಯಕಿಯ ಕಾಗದದ ಮೇಲಿದ್ದ ದಿನಾಂಕ ಈಗ ಅರ್ಥವಾಗುತ್ತದೆ. 1994ರ ಕಾನೂನು ಹೊರಗಿಟ್ಟಿದ್ದ ಆಕೆಯನ್ನು 2005ರದು ಒಳಗೆ ಕರೆಯಿತು. ಎರಡೇ ವರ್ಷಗಳಲ್ಲಿ ಹೆಬ್ಬೆಟ್ಟು ಆಕೆಯನ್ನು ಮತ್ತೆ ಹೊರಗೆ ಕಳಿಸಿತು.

ಅಗರ್‌ವಾಲರ ಉಳಿದ ಕೆಲಸವನ್ನು ಸಂಕ್ಷೇಪವಾಗಿ ಹೇಳಬಹುದು. ಪ್ರದೀಪ್ ಪಾಂಡಾ ಅವರೊಂದಿಗೆ ಕೇರಳದಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭೂಮಿ, ಮನೆ ಎರಡೂ ಇಲ್ಲದ ವಿವಾಹಿತೆಯರಲ್ಲಿ ಶೇ. 49 ಮಂದಿ ಗಂಡನಿಂದ ದೈಹಿಕ ಹಿಂಸೆ ಅನುಭವಿಸಿದ್ದರೆ, ಎರಡೂ ಇದ್ದವರಲ್ಲಿ ಆ ಪ್ರಮಾಣ ಶೇ. 7 ಮಾತ್ರ. ಗುಜರಾತ್ ಮತ್ತು ನೇಪಾಳದ ಸಾಮುದಾಯಿಕ ಅರಣ್ಯ ಸಮಿತಿಗಳ ಮೇಲಿನ 2010ರ ಗ್ರಂಥ, ಕಾರ್ಯಕಾರಿ ಸಮಿತಿಯಲ್ಲಿ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗದಷ್ಟು ಮಹಿಳೆಯರಿದ್ದಾಗಲೇ ಅವರ ಮಾತಿಗೆ ತೂಕ ಬರುತ್ತದೆಂದೂ, ಮಹಿಳೆಯರ ಪ್ರಾತಿನಿಧ್ಯ ಹೆಚ್ಚಿದಲ್ಲಿ ಕಾಡು ಚೆನ್ನಾಗಿ ಚಿಗುರುತ್ತದೆಂದೂ ತೋರಿಸಿತು. 2018ರಲ್ಲಿ ಪ್ರಕಟವಾದ ಸಾಮೂಹಿಕ ಕೃಷಿಯ ಅಧ್ಯಯನದ ಪ್ರಕಾರ ಕೇರಳದ ಕುಟುಂಬಶ್ರೀ ಮಹಿಳಾ ಗುಂಪುಗಳು, ಬಹುಪಾಲು ಗೇಣಿಗೆ ಪಡೆದ ನೆಲದಲ್ಲಿಯೇ, ಒಂಟಿ ಕುಟುಂಬದ ಹಿಡುವಳಿಗಳಿಗಿಂತ ಹೆಕ್ಟೇರಿಗೆ 1.8 ಪಟ್ಟು ಮೌಲ್ಯದ ಉತ್ಪನ್ನ ತೆಗೆದವು. ತೆಲಂಗಾಣದ ಗುಂಪುಗಳು ಉತ್ಪನ್ನದಲ್ಲಿ ಹಿಂದೆ ಬಿದ್ದರೂ ನಿವ್ವಳ ಆದಾಯದಲ್ಲಿ ಸಮನಾಗಿ ನಿಂತವು. ಸುಸ್ಥಿರ ಗ್ರಾಮೀಣ ಅಭಿವೃದ್ಧಿ ಎಂಬ ಸವೆದ ಮಾತಿಗೆ ಇಲ್ಲಿ ತೂಕವಿದೆ.

ಆಕ್ಷೇಪಗಳಿಲ್ಲವೆಂದಲ್ಲ. ಪಾಲಿಡಲು ಅಂಗೈಯಗಲ ನೆಲವೂ ಇಲ್ಲದ ದಲಿತ ಮನೆಯ ಮಗಳಿಗೆ ಉತ್ತರಾಧಿಕಾರದ ಸಮಾನತೆ ಏನು ಕೊಟ್ಟೀತು? ಅಗರ್‌ವಾಲ್ ಸರ್ಕಾರದ ಭೂಹಂಚಿಕೆ, ಸಾಮೂಹಿಕ ಗೇಣಿಯ ದಾರಿಗಳನ್ನು ಸೂಚಿಸುತ್ತಾರೆ, ನಿಜ. ಆದರೂ ಅವರ ಚಿಂತನೆಯಲ್ಲಿ ಮಗಳು-ಮಗನ ಅಂತರಕ್ಕೆ ದೊರೆತ ತೀಕ್ಷ್ಣತೆ ಜಾತಿ-ಜಾತಿಯ ನಡುವಿನ ಭೂಮಿಯ ಅಂತರಕ್ಕೆ ದೊರೆತಿಲ್ಲವೆಂದು ನನಗೆ ತೋರುತ್ತದೆ. ತವರಿನ ಹಾಡುಗಳಲ್ಲಿಯೂ ಈ ವ್ಯತ್ಯಾಸವಿರಲೇಬೇಕು. ನೆಲವುಳ್ಳವರ ಮನೆಯ ತವರು ಮತ್ತು ಕೂಲಿಯವರ ಮನೆಯ ತವರು ಒಂದೇ ರಾಗದಲ್ಲಿ ಹಾಡಿಕೊಂಡರೂ ಒಂದೇ ವಸ್ತುವನ್ನು ಬೇಡುತ್ತಿಲ್ಲ. ನಮ್ಮ ಸಂಕಲನಗಳಲ್ಲಿ ಹಾಡಿದವರ ಹೆಸರು, ಊರು, ವಯಸ್ಸು, ಕೆಲವೊಮ್ಮೆ ಜಾತಿ ಇದೆ. ಹೊಲವಿದೆಯೇ, ಯಾರ ಹೆಸರಿನಲ್ಲಿದೆ ಎಂಬುದು ನನ್ನ ಕೈಗೆ ಬಂದ ಯಾವುದರಲ್ಲೂ ಇಲ್ಲ.

ಇದು ಸಮಾಜಶಾಸ್ತ್ರದವರ ಕೆಲಸ, ಸಾಹಿತ್ಯದ ಸ್ವಾಯತ್ತತೆಗೆ ಇದರಿಂದ ಭಂಗ ಎಂಬ ಮಾತು ವಿಭಾಗದ ಚರ್ಚೆಯೊಂದರಲ್ಲಿ ಬಂತು. ಆ ಭಯ ನನಗೂ ಇತ್ತು. ಆದರೆ ಕಾರಂತರ 'ಮರಳಿ ಮಣ್ಣಿಗೆ'ಯನ್ನು ಈ ಪ್ರಶ್ನೆಯೊಂದಿಗೆ ಮತ್ತೆ ಓದಿದಾಗ ಕಾದಂಬರಿ ಕುಗ್ಗಲಿಲ್ಲ. ಪಾರೋತಿ, ಸರಸೋತಿ, ನಾಗವೇಣಿಯರ ದುಡಿಮೆಯನ್ನೂ ಸಹನೆಯನ್ನೂ ನಮ್ಮ ವಿಮರ್ಶೆ ಮತ್ತೆ ಮತ್ತೆ ಕೊಂಡಾಡಿದೆ. ಮನೆಯನ್ನು ಹಿಡಿದು ನಿಲ್ಲಿಸಿದ ಈ ಹೆಂಗಸರ ಬೆವರು ಬಿದ್ದ ಮಣ್ಣು ಒಂದೊಂದು ತಿರುವಿನಲ್ಲಿ ಯಾರ ಹೆಸರಿನಲ್ಲಿತ್ತು, ಯಾರ ಕೈಯಿಂದ ಜಾರಿತು ಎಂದು ಕೇಳುತ್ತ ಹೋದರೆ ಸಹನೆಯೆಂದು ನಾವು ಕರೆದುದರೊಳಗೆ ನಿರುಪಾಯವೂ ಕಾಣುತ್ತದೆ. ಸಮೀಕ್ಷೆಗೆ ಎಷ್ಟು ಮಂದಿ ಹಕ್ಕು ಬಿಟ್ಟರೆಂಬುದು ಸಿಕ್ಕೀತು. ಬಿಡುವಾಗ ಅವರು ತಮಗೆ ತಾವೇ ಏನು ಹೇಳಿಕೊಂಡರೆಂಬುದು ಹಾಡಿನಲ್ಲಿ, ಕಥೆಯಲ್ಲಿ ಮಾತ್ರ ಸಿಗುತ್ತದೆ.

ಇಷ್ಟು ಹೇಳಿದ ಮೇಲೆ ನನ್ನದನ್ನು ಮುಚ್ಚಿಡುವುದು ಸರಿಯಲ್ಲ. ಸಾರಲೇಖ ಸಲ್ಲಿಸಿದ ವರ್ಷವೇ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನಾನೂ ಇಂಥದೇ ಒಂದು ಪತ್ರಕ್ಕೆ ಸಹಿ ಹಾಕಿದೆ. ಯಾರೂ ಒತ್ತಾಯಿಸಲಿಲ್ಲ. ಅಣ್ಣ ಒಳ್ಳೆಯವನೇ, ಆ ದಿನ ಹೋಟೆಲಿನಲ್ಲಿ ಊಟ ಹಾಕಿಸಿ, ಸೀರೆ ಕೊಡಿಸಿ, ಬಸ್ಸು ಹತ್ತಿಸಿ ಹೋದ. ಓದು ಬರಹ ಬಲ್ಲ ನನ್ನ ಸಹಿಗೂ ಆ ಗಾಯಕಿಯ ಹೆಬ್ಬೆಟ್ಟಿಗೂ ಇದ್ದ ಕಾರಣ ಒಂದೇ. ಆಕೆ ಅದನ್ನು ಒಂದು ವಾಕ್ಯದಲ್ಲಿ ಹೇಳಬಲ್ಲವರಾಗಿದ್ದರು.

ಮೂರನೆಯ ಅಧ್ಯಾಯದ ಶೀರ್ಷಿಕೆಯನ್ನು ಬದಲಿಸಲು ಅನುಮತಿ ಕೋರಿ ವಿಭಾಗಕ್ಕೆ ಪತ್ರ ಕೊಟ್ಟಿದ್ದೇನೆ. ಹಾಡಿದವರಲ್ಲಿ ಬದುಕಿರುವವರನ್ನು ಮತ್ತೆ ಕಂಡು, ಅವರು ಒಪ್ಪಿದರೆ, ತವರಿನ ಹೊಲದ ವಿವರಗಳನ್ನೂ ಕೇಳಿ ಬರೆದುಕೊಳ್ಳುತ್ತಿದ್ದೇನೆ. ತವರಿನ ಹಾಡುಗಳನ್ನು ಸಂಗ್ರಹಿಸಿರುವ ಹಿರಿಯ ವಿದ್ವಾಂಸರ ಅಪ್ರಕಟಿತ ಟಿಪ್ಪಣಿಗಳಲ್ಲಿ, ಅಂಚಿನಲ್ಲಿ ಗೀಚಿಕೊಂಡ ಒಂದು ಸಾಲಾದರೂ ಸರಿ, ಹಾಡಿದವರ ಭೂಮಿಯ ವಿಷಯವೇನಾದರೂ ಇದ್ದರೆ ದಯವಿಟ್ಟು ಈ ಪತ್ರಿಕೆಯ ಮೂಲಕ ತಿಳಿಸಬೇಕೆಂದು ಕೋರುತ್ತೇನೆ.